ಒದ್ದೆ ಗಾಯಕ್ಕೆ ಅಂಟುವ ಹೈಡ್ರೊಜೆಲ್: ಎಷ್ಟು ಗಟ್ಟಿಯಾಗಿ ಅಂಟಬೇಕು, ಎಲ್ಲಿ ಅಂಟಬಾರದು?

ಅಮ್ಮನ ಆರೈಕೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 78 ವರ್ಷ. ಮೂರು ತಿಂಗಳ ಹಿಂದೆ ಮಂಚದ ಅಂಚು ತಗುಲಿ ಕಣಕಾಲಿನ ಮುಂಭಾಗದಲ್ಲಿ ಆದ ಗಾಯ ಇನ್ನೂ ಮುಚ್ಚಿಕೊಂಡಿಲ್ಲ. ಗಾಯಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿರುವುದು ಅದರ ಸುತ್ತಲಿನ ಚರ್ಮ. ಡ್ರೆಸಿಂಗ್ ಬದಲಿಸಲು ಅಂಟುಪಟ್ಟಿಯನ್ನು ಎಳೆದಾಗಲೆಲ್ಲ ಒದ್ದೆಯಾದ ಕಾಗದ ಹರಿದಂತೆ ಚರ್ಮದ ತೆಳು ಪದರವೂ ಅದರೊಂದಿಗೆ ಬರುತ್ತದೆ. ಕಳೆದ ವಾರ ಹಾಗೆ ಕಿತ್ತುಬಂದ ಜಾಗವೇ ಈಗ ಎರಡನೆಯ ಗಾಯವಾಗಿದೆ. ಆ ಪಟ್ಟಿಯನ್ನು ಎಳೆದದ್ದು ನನ್ನ ಕೈ ಎಂಬುದು ಮನಸ್ಸಿನಿಂದ ಹೋಗುತ್ತಿಲ್ಲ.

ಚಿಪ್ಪಿಲ್ಲದ ಬಸವನಹುಳುವಿನ ಲೋಳೆಯನ್ನು ನೋಡಿ ರೂಪಿಸಿದ, ರಕ್ತದಿಂದ ಒದ್ದೆಯಾದ ಮೇಲ್ಮೈಗೂ ಅಂಟಿಕೊಳ್ಳುವ ಹೈಡ್ರೊಜೆಲ್ ಒಂದರ ಬಗ್ಗೆ ಇತ್ತೀಚೆಗೆ ಓದಿದೆ. ನನಗಿರುವ ಪ್ರಶ್ನೆಗಳು ಎರಡು. ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವ ವಸ್ತುವೊಂದು ಒದ್ದೆ ಚರ್ಮಕ್ಕೆ ಅಂಟುವುದಾದರೂ ಹೇಗೆ? ಎರಡನೆಯದಾಗಿ, ಅಷ್ಟು ಗಟ್ಟಿಯಾಗಿ ಅಂಟುವ ವಸ್ತು ನನ್ನ ತಾಯಿಯಂಥವರ ಗಾಯಕ್ಕೆ ಒಳ್ಳೆಯದೇ?

ಪಾಲಿಮರ್ ಪ್ರಯೋಗಾಲಯ

ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಎರಡನೆಯದಕ್ಕೆ ಗಾಯಗಳನ್ನು ದಿನನಿತ್ಯ ನೋಡುವವರು ಉತ್ತರಿಸಲಿ.

ಹೈಡ್ರೊಜೆಲ್ ಎಂದರೆ ನೀರನ್ನು ಹಿಡಿದಿಟ್ಟುಕೊಂಡ ಪಾಲಿಮರ್ ಬಲೆ. ಉದ್ದನೆಯ ಅಣುಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಕೊಂಡಿಗಳ ನಡುವಿನ ತೆರವನ್ನು ನೀರು ತುಂಬಿರುತ್ತದೆ. ಒಟ್ಟೊ ವಿಕ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಅವರು 1960ರಲ್ಲಿ ದೇಹದೊಳಗೆ ಬಳಸಬಹುದಾದ ಇಂಥ ಜೆಲ್‌ಗಳ ಬಗ್ಗೆ ಬರೆದರು. ಮೆತುವಾದ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಆ ಕೆಲಸದಿಂದಲೇ. ಆದರೆ ಆ ಕಾಲದ ಜೆಲ್‌ಗಳು ಬೆರಳಿನಿಂದ ಒತ್ತಿದರೆ ಮುರಿಯುವಷ್ಟು ದುರ್ಬಲವಾಗಿದ್ದವು. ಅಂಟು ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊತ್ತಿರುವ ಜೆಲ್ ತಾನೇ ಹರಿದುಹೋದರೆ ಅಂಟಿನಿಂದ ಪ್ರಯೋಜನವಿಲ್ಲ.

ಒದ್ದೆ ಮೇಲ್ಮೈಯ ತೊಡಕು ಹೀಗಿದೆ. ಅಂಟು ಚರ್ಮದ ಅಣುಗಳಿಗೆ ತೀರಾ ಹತ್ತಿರ ಹೋದರೆ ಮಾತ್ರ ಬಂಧ ಏರ್ಪಡುತ್ತದೆ, ಆದರೆ ನಡುವೆ ನೀರಿನ ತೆಳುಪದರವಿದ್ದರೆ ಅದು ಆ ಹತ್ತಿರವನ್ನೇ ತಡೆಯುತ್ತದೆ. ಹ್ಯಾರಿ ಕೂವರ್ ಅವರ ತಂಡ 1942ರಲ್ಲಿ ಕಂಡುಕೊಂಡ ಸಯನೊಆಕ್ರಿಲೇಟ್ ಅಂಟು ನೀರು ತಾಗಿದರೇ ಗಟ್ಟಿಯಾಗುತ್ತದೆ. ಅದೇ ಕುಟುಂಬದ ಒಂದು ಅಂಟಿಗೆ 1998ರಲ್ಲಿ ಅಮೆರಿಕದಲ್ಲಿ ಚರ್ಮದ ಸೀಳುಗಳನ್ನು ಮುಚ್ಚಲು ಅನುಮತಿ ದೊರೆಯಿತು. ಆದರೆ ಅದು ಗಡುಸಾಗಿ ಒಣಗುವ ಅಂಟು. ಅಂಚುಗಳನ್ನು ಜೋಡಿಸಿ ಹಿಡಿಯಬಹುದಾದ ಸೀಳಿನ ಮೇಲ್ಭಾಗಕ್ಕೆ ಅದು ಹೊಂದುತ್ತದೆ. ತೆರೆದ ಹುಣ್ಣಿನೊಳಗೆ ಹಾಕುವಂಥದ್ದಲ್ಲ.

ದಾರಿ ತೋರಿಸಿದ್ದು ಸಮುದ್ರದ ಚಿಪ್ಪುಜೀವಿಗಳು. ಅಲೆಗಳು ಬಡಿಯುವ ಬಂಡೆಗೆ ಎಳೆಗಳ ಮೂಲಕ ಕಚ್ಚಿಕೊಂಡಿರುವ ಮಸೆಲ್ ಎಂಬ ಜೀವಿಯ ಅಂಟುಪ್ರೋಟೀನಿನಲ್ಲಿ ಡೋಪಾ ಎಂಬ ಅಮೈನೊ ಆಮ್ಲವಿದೆ ಎಂಬುದನ್ನು ಹರ್ಬರ್ಟ್ ವೇಟ್ 1981ರಲ್ಲಿ ತೋರಿಸಿದರು. ಡೋಪಾದಲ್ಲಿರುವ ಕ್ಯಾಟೆಕಾಲ್ ಎಂಬ ಪರಮಾಣುಗಳ ಗುಂಪು ಕಲ್ಲು, ಲೋಹ, ಅಂಗಾಂಶ ಮೂರಕ್ಕೂ ಬೇರೆ ಬೇರೆ ಬಗೆಯಲ್ಲಿ ಬಂಧ ಬೆಸೆಯಬಲ್ಲದು. ಅದರ ಪಕ್ಕದಲ್ಲೇ ಇರುವ ಲೈಸಿನ್ ಎಂಬ ಅಮೈನೊ ಆಮ್ಲ ಮೇಲ್ಮೈಯ ಮೇಲೆ ಕುಳಿತಿರುವ ಉಪ್ಪಿನ ಅಯಾನುಗಳನ್ನು ತಳ್ಳಿ ಡೋಪಾಕ್ಕೆ ಜಾಗ ಮಾಡಿಕೊಡುತ್ತದೆ ಎಂಬುದು 2015ರಲ್ಲಿ ತಿಳಿಯಿತು. ಜಾಗ ತೆರವು ಮಾಡುವವನೊಬ್ಬ, ಕೂರುವವನೊಬ್ಬ ಎಂಬ ಈ ಏರ್ಪಾಡು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇನ್ನು ಬಸವನಹುಳುವಿನ ಜೆಲ್. ಅದಕ್ಕೆ ಅಡಿಪಾಯ 2012ರಲ್ಲಿ ಬಿತ್ತು. ಝಿಗಾಂಗ್ ಸುವೊ ಅವರ ಗುಂಪು ಕಡಲಕಳೆಯಿಂದ ಸಿಗುವ ಆಲ್ಜಿನೇಟ್ ಮತ್ತು ಪಾಲಿಆಕ್ರಿಲಮೈಡ್ ಎಂಬ ಎರಡು ಬಲೆಗಳನ್ನು ಒಂದರೊಳಗೊಂದು ಹೆಣೆದು, ಸುಮಾರು ಶೇಕಡಾ 90ರಷ್ಟು ನೀರಿದ್ದರೂ ತನ್ನ ಉದ್ದದ 20 ಪಟ್ಟು ಹಿಗ್ಗುವ ಜೆಲ್ ತಯಾರಿಸಿತು. ಎಳೆದಾಗ ಆಲ್ಜಿನೇಟ್‌ನ ಕ್ಯಾಲ್ಸಿಯಂ ಕೊಂಡಿಗಳು ಒಂದೊಂದಾಗಿ ಬಿಚ್ಚಿಕೊಂಡು ಎಳೆತದ ಶಕ್ತಿಯನ್ನು ನುಂಗುತ್ತವೆ, ಪಾಲಿಆಕ್ರಿಲಮೈಡ್ ಬಲೆ ಮಾತ್ರ ಕಡಿಯದೆ ಆಕಾರವನ್ನು ಉಳಿಸಿಕೊಳ್ಳುತ್ತದೆ. ಜಿಯಾನ್ಯು ಲಿ, ಡೇವಿಡ್ ಮೂನಿ ಮತ್ತು ಸಂಗಡಿಗರು 2017ರಲ್ಲಿ ಇಂಥ ಜೆಲ್‌ನ ಒಂದು ಮೈಗೆ ಕೈಟೊಸಾನ್‌ನಂಥ ಧನ ಆವೇಶದ ಪಾಲಿಮರ್ ಲೇಪಿಸಿದರು. ಈ ಪಾಲಿಮರ್ ಸರಪಳಿಗಳು ಒಂದು ಕಡೆ ಜೆಲ್‌ನೊಳಗೂ ಇನ್ನೊಂದು ಕಡೆ ಅಂಗಾಂಶದೊಳಗೂ ಇಳಿದು, ವಿರುದ್ಧ ಆವೇಶಗಳ ಸೆಳೆತದಿಂದಲೂ ಸಹವೇಲೆನ್ಸೀಯ (ಎಲೆಕ್ಟ್ರಾನ್ ಹಂಚಿಕೊಂಡು ಬೆಸೆಯುವ) ಬಂಧಗಳಿಂದಲೂ ಎರಡನ್ನೂ ಹೊಲಿದಂತೆ ಹಿಡಿಯುತ್ತವೆ. ಹಂದಿಯ ಚರ್ಮದ ಮೇಲೆ ಅದರ ಅಂಟುಶಕ್ತಿ, ಅಂದರೆ ಅದನ್ನು ಕಿತ್ತು ಬಿಡಿಸಲು ಬೇಕಾದ ಶಕ್ತಿ, ಪ್ರತಿ ಚದರ ಮೀಟರಿಗೆ ಸುಮಾರು 1000 ಜೌಲ್ ಬಂದಿತು. ಕೀಲಿನ ಮೃದ್ವಸ್ಥಿ (ಮೆತ್ತನೆಯ ಎಲುಬು) ಮೂಳೆಗೆ ಅಂಟಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ.

ಹ್ಯುನ್‌ವೂ ಯುಕ್ ಮತ್ತು ಷುವಾನ್‌ಹೆ ಝಾವೊ ಅವರ ಗುಂಪು 2019ರಲ್ಲಿ ಹಿಡಿದ ದಾರಿ ಬೇರೆ. ಅವರ ಪಟ್ಟಿ ಮೊದಲು ಒಣಗಿರುತ್ತದೆ. ಒದ್ದೆ ಅಂಗಾಂಶದ ಮೇಲೆ ಒತ್ತಿದ ಕೂಡಲೇ ಅದರಲ್ಲಿರುವ ಪಾಲಿಆಕ್ರಿಲಿಕ್ ಆಮ್ಲವು ನಡುವಿನ ನೀರನ್ನು ತನ್ನೊಳಗೆ ಹೀರಿಕೊಂಡು 5 ಸೆಕೆಂಡುಗಳೊಳಗೆ ಅಂಟಿಕೊಳ್ಳುತ್ತದೆ. ಅಡ್ಡಿಯಾಗಿದ್ದ ನೀರೇ ಅಲ್ಲಿ ಪಟ್ಟಿಯ ಭಾಗವಾಗಿಬಿಡುತ್ತದೆ.

ಗಾಯದ ಆರೈಕೆಯ ದಾದಿ

ಮೇಲಿನವರ ವಿವರಣೆಯನ್ನು ಎರಡು ಬಾರಿ ಓದಿದೆ. ಆದರೆ ಮೊದಲ ಮಾತು ಪ್ರಶ್ನೆ ಕೇಳಿದವರಿಗೆ: ವಯಸ್ಸಾದವರ ಚರ್ಮ ಹಾಗೆ ಕಿತ್ತುಬರುವುದು ನಿಮ್ಮ ಅಜಾಗರೂಕತೆಯ ಗುರುತೆಂದು ದಯವಿಟ್ಟು ಭಾವಿಸಬೇಡಿ. ವಯಸ್ಸಾದಂತೆ ಚರ್ಮದ ಮೇಲ್ಪದರಕ್ಕೂ ಒಳಪದರಕ್ಕೂ ನಡುವಿನ ಬೆಸುಗೆ ಸಮತಟ್ಟಾಗಿ ಸಡಿಲವಾಗುತ್ತದೆ. ಸಾಮಾನ್ಯ ಆಕ್ರಿಲಿಕ್ ಅಂಟಿನ ಹಿಡಿತ ಗಂಟೆಗಳು ಕಳೆದಂತೆ ಹೆಚ್ಚುತ್ತದೆ. ಹೀಗಾಗಿ ಅಂಟಿಗೂ ಚರ್ಮಕ್ಕೂ ಇರುವ ಹಿಡಿತವು ಚರ್ಮದ ಪದರಗಳಿಗೇ ಪರಸ್ಪರ ಇರುವ ಹಿಡಿತವನ್ನು ಮೀರಿದಾಗ, ಕೀಳುವವರ ಕೈ ಎಷ್ಟೇ ಹಗುರವಾಗಿದ್ದರೂ ಸೋಲುವುದು ಚರ್ಮವೇ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ತೆರೆದ ಗಾಯದ ತಳಕ್ಕೆ ಏನೂ ಅಂಟಬಾರದು. ತಳದಲ್ಲಿ ಕೆಂಪಗೆ, ಸಣ್ಣ ಸಣ್ಣ ಗುಳ್ಳೆಗಳಂತೆ ಕಾಣುವ ಹೊಸ ಮಾಂಸದಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳು ಆಗಷ್ಟೇ ಮೂಡಿರುತ್ತವೆ. ಅಂಚಿನಿಂದ ಹೊಸ ಚರ್ಮದ ಜೀವಕೋಶಗಳು ಅದರ ಮೇಲೆ ತೆವಳುತ್ತಾ ಬರುತ್ತಿರುತ್ತವೆ. ಒಣಗಿ ಹತ್ತಿಕೊಂಡ ಗಾಜ್ ಬಟ್ಟೆಯನ್ನು ಕಿತ್ತಾಗ ರಕ್ತ ಜಿನುಗುತ್ತದಲ್ಲ, ಅದು ಆ ಹೊಸ ಮಾಂಸ ಹರಿದದ್ದರಿಂದ. ವಾರವಿಡೀ ಕಟ್ಟಿದ್ದು ಒಂದು ಕ್ಷಣದಲ್ಲಿ ಹೋಗುತ್ತದೆ.

ಜಾರ್ಜ್ ವಿಂಟರ್ 1962ರಲ್ಲಿ ಎಳೆಯ ಹಂದಿಗಳ ಮೇಲಿನ ಆಳವಿಲ್ಲದ ಗಾಯಗಳಲ್ಲಿ ತೋರಿಸಿದ್ದನ್ನು ನಾವು ಇಂದಿಗೂ ಪಾಠದಲ್ಲಿ ಕಲಿಯುತ್ತೇವೆ. ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಪಾಲಿಥೀನ್ ಹಾಳೆಯಡಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಹಕ್ಕಳೆಯಿದ್ದರೆ ಜೀವಕೋಶಗಳು ಅದರಡಿಯ ಒಣ ಪದರವನ್ನು ಕೊರೆದು ಒದ್ದೆ ಜಾಗ ಹುಡುಕಿಕೊಂಡು ಸಾಗಬೇಕಾಗುತ್ತದೆ. ನಾವು ಈಗ ಬಳಸುವ ಹೈಡ್ರೊಜೆಲ್ ಹಾಳೆಗಳೂ ಟ್ಯೂಬಿನಲ್ಲಿ ಬರುವ ಜೆಲ್‌ಗಳೂ ಈ ತೇವವನ್ನು ಕಾಯಲೆಂದೇ ಇರುವಂಥವು. ಅವು ತಳಕ್ಕೆ ಹತ್ತಿಕೊಳ್ಳುವುದಿಲ್ಲ, ತಂಪು ಕೊಟ್ಟು ನೋವು ತಗ್ಗಿಸುತ್ತವೆ, ಸತ್ತ ಅಂಗಾಂಶವನ್ನು ನೆನೆಸಿ ದೇಹ ತಾನೇ ಕರಗಿಸಿ ಬಿಡಿಸಿಕೊಳ್ಳಲು ನೆರವಾಗುತ್ತವೆ.

ಆದರೆ ಹೈಡ್ರೊಜೆಲ್ ಎಲ್ಲ ಗಾಯಕ್ಕೂ ಅಲ್ಲ. ಒಣಗಿದ ಗಾಯಕ್ಕೆ ಅದು ನೀರು ಕೊಡುತ್ತದೆ. ಬಹಳ ದ್ರವ ಒಸರುವ ಗಾಯಕ್ಕೆ ಹಾಕಿದರೆ ಸುತ್ತಲಿನ ಚರ್ಮ ನೆನೆದು ಬಿಳಚಿಕೊಂಡು ಗಾಯ ಇನ್ನಷ್ಟು ಅಗಲವಾಗುತ್ತದೆ. ಅಂಥಲ್ಲಿ ದ್ರವ ಹೀರುವ ಫೋಮ್ ಅಥವಾ ಆಲ್ಜಿನೇಟ್ ಡ್ರೆಸಿಂಗ್ ಬೇಕು. ನಿಮ್ಮ ತಾಯಿಯವರ ಗಾಯ ಒಸರುತ್ತಿದೆಯೇ, ಒಣಗಿದೆಯೇ ಎಂದು ನೀವು ಬರೆದಿಲ್ಲ.

ಅಂಟು ಬೇಕಿರುವುದು ಗಾಯದ ಹೊರಗಿನ ಆರೋಗ್ಯವಂತ ಚರ್ಮಕ್ಕೆ ಮಾತ್ರ. ಅಲ್ಲಿಗೆ ಮೆದುವಾದ ಸಿಲಿಕೋನ್ ಅಂಚಿನ ಡ್ರೆಸಿಂಗ್ ಇದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸಿಲಿಕೋನ್ ಅಂಟಿನ ಹಿಡಿತ ಕಾಲ ಕಳೆದಂತೆ ಹಾಗೆ ಏರುವುದಿಲ್ಲ, ಎತ್ತಿದಾಗ ಚರ್ಮದ ಮೇಲ್ಪದರವನ್ನು ಕಡಿಮೆ ಕೀಳುತ್ತದೆ. ಬಿಡಿಸುವಾಗ ಮೇಲಕ್ಕೆ ಎಳೆಯದೆ, ಪಟ್ಟಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತಾ, ಇನ್ನೊಂದು ಕೈಯಿಂದ ಚರ್ಮವನ್ನು ಹಿಡಿದು ನಿಧಾನವಾಗಿ ಸರಿಸಿ.

ಶಸ್ತ್ರಚಿಕಿತ್ಸಕ

ದಾದಿಯವರ ಮಾತು ಚರ್ಮದ ಮೇಲಿನ ಗಾಯಗಳಿಗೆ ನೂರಕ್ಕೆ ನೂರು ಸರಿ. ದೇಹದೊಳಗೆ ಲೆಕ್ಕ ಬೇರೆಯಾಗುತ್ತದೆ ಎಂದಷ್ಟೇ ಸೇರಿಸುತ್ತೇನೆ. ರಕ್ತನಾಳದ ಹೊಲಿಗೆಯ ಸೂಜಿತೂತಿನಿಂದ ರಕ್ತ ಜಿನುಗುವಾಗ, ಶ್ವಾಸಕೋಶದಿಂದ ಗಾಳಿ ಸೋರುವಾಗ, ಮಿದುಳಿನ ಹೊದಿಕೆಯಿಂದ ದ್ರವ ಒಸರುವಾಗ ಅಲ್ಲಿ ನೇರವಾಗಿ ಅಂಟುವ ವಸ್ತುವೇ ಬೇಕು, ಮತ್ತು ಅದನ್ನು ಮತ್ತೆ ಕೀಳುವ ಪ್ರಸಂಗವಿಲ್ಲ. ಕೆಲಸ ಮುಗಿದ ಮೇಲೆ ಅದು ಕರಗಿಹೋಗಬೇಕು. ಫೈಬ್ರಿನ್ ಅಂಟು ದೇಹದ ಸ್ವಂತ ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಅನುಸರಿಸುತ್ತದೆ, ಆದ್ದರಿಂದ ಅಂಗಾಂಶಕ್ಕೆ ಹಿತ, ಆದರೆ ಹಿಡಿತ ಕಡಿಮೆ. ಆಲ್ಬುಮಿನ್ ಮತ್ತು ಗ್ಲುಟರಾಲ್ಡಿಹೈಡ್ ಸೇರಿಸಿದ ಅಂಟು ಗಟ್ಟಿ, ಆದರೆ ಗ್ಲುಟರಾಲ್ಡಿಹೈಡ್ ಜೀವಕೋಶಗಳಿಗೆ ವಿಷ. ಮಿದುಳಿನ ಹೊದಿಕೆಗೆ ಬಳಸುವ, 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಾಲಿಎಥಿಲೀನ್ ಗ್ಲೈಕಾಲ್ ಹೈಡ್ರೊಜೆಲ್ ಸಿಂಪಡಿಸಿದ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗಿ, ಕೆಲವು ವಾರಗಳಲ್ಲಿ ಕರಗುತ್ತದೆ.

ನಾನು ಹೆಚ್ಚು ಹೆದರುವುದು ಉಬ್ಬುವಿಕೆಗೆ. ನೀರನ್ನು ಪ್ರೀತಿಸುವ ಜೆಲ್ ದೇಹದೊಳಗೆ ಹೋದ ಮೇಲೂ ನೀರು ಕುಡಿಯುತ್ತಲೇ ಇರುತ್ತದೆ. ಎಲುಬಿನ ಗೋಡೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಅದು ಉಬ್ಬಿದರೆ ಪಕ್ಕದ ನರವನ್ನು ಅದುಮುತ್ತದೆ. ಅಂಟುಶಕ್ತಿ ಎಷ್ಟು ಜೌಲ್ ಎಂದು ಹೇಳುವ ಪ್ರತಿಯೊಂದು ಬರಹದಲ್ಲೂ ನಾನು ಮೊದಲು ಹುಡುಕುವುದು, ಆ ಜೆಲ್ 24 ಗಂಟೆ ದ್ರವದಲ್ಲಿ ನೆನೆದ ಮೇಲೆ ಎಷ್ಟು ದಪ್ಪವಾಯಿತು ಎಂಬುದನ್ನು.

ಪಾಲಿಮರ್ ಪ್ರಯೋಗಾಲಯ

ದಾದಿಯವರೇ, ತಳಕ್ಕೆ ಅಂಟಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಗಟ್ಟಿಯಾದ ಅಂಟು ಚರ್ಮಕ್ಕೆ ಅನಿವಾರ್ಯವಾಗಿ ಹಾನಿ ಮಾಡುತ್ತದೆ ಎಂಬಂತೆ ನಿಮ್ಮ ಮಾತು ಕೇಳಿಸಿತು. ಅದನ್ನು ಪೂರ್ತಿ ಒಪ್ಪಲಾರೆ. ಹಿಡಿತವೂ ಬಿಡಿಸುವ ವಿಧಾನವೂ ಎರಡು ಬೇರೆ ಗುಣಗಳು, ಅವನ್ನು ಬೇರೆ ಬೇರೆಯಾಗಿಯೇ ರೂಪಿಸಬಹುದು. ನಾನು ಮೇಲೆ ಹೇಳಿದ ಒಣಪಟ್ಟಿಯ ಗುಂಪೇ 2020ರಲ್ಲಿ, ಜೆಲ್‌ಗೂ ಅಂಗಾಂಶಕ್ಕೂ ನಡುವಿನ ಕೊಂಡಿಯಲ್ಲಿ ಗಂಧಕದ ಎರಡು ಪರಮಾಣುಗಳ ಬಂಧವೊಂದನ್ನು ಇರಿಸಿತು. ಸೋಡಿಯಂ ಬೈಕಾರ್ಬೊನೇಟ್ ಮತ್ತು ಗ್ಲುಟಾಥಯೋನ್ ಇರುವ ದ್ರಾವಣವನ್ನು ಹಾಕಿದಾಗ ಮೊದಲನೆಯದು ಹೈಡ್ರೋಜನ್ ಬಂಧಗಳನ್ನೂ ಎರಡನೆಯದು ಆ ಗಂಧಕದ ಬಂಧವನ್ನೂ ಬಿಡಿಸುತ್ತದೆ, ಪಟ್ಟಿ ಎಳೆತವಿಲ್ಲದೆ ಕಳಚಿಕೊಳ್ಳುತ್ತದೆ. ಇದು ಇನ್ನೂ ಪ್ರಯೋಗಾಲಯದ ಮಾತು ಎಂಬುದು ನಿಜ. ಆದರೂ ನಿಮ್ಮ ವೃತ್ತಿಯವರು ಅನುಭವಿಸುವ ಕಷ್ಟಕ್ಕೆ ನಮ್ಮ ಕಡೆಯಿಂದ ಬಂದ ಅತ್ಯಂತ ಪ್ರಾಮಾಣಿಕ ಉತ್ತರ ಅದೇ ಎಂದು ನನ್ನ ಭಾವನೆ.

ಅಂಚಿಗೆ ಗಟ್ಟಿಯಾಗಿ ಅಂಟುವುದರಿಂದ ಇನ್ನೊಂದು ಉಪಯೋಗವೂ ಇದೆ. 2019ರಲ್ಲಿ ಮೂನಿ ಅವರ ಗುಂಪು ಆಲ್ಜಿನೇಟ್ ಜೊತೆಗೆ ಬಿಸಿಗೆ ಕುಗ್ಗುವ ಪಾಲಿಮರ್ ಒಂದನ್ನು ಸೇರಿಸಿತು. ಅದು ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರನ್ನು ಹೊರಹಾಕಿ ಕುಗ್ಗುತ್ತದೆ, ಚರ್ಮದ ಬಿಸಿಯೇ ಅದಕ್ಕೆ ಸಾಕು. ಸುತ್ತಲಿನ ಚರ್ಮವನ್ನು ಹಿಡಿದುಕೊಂಡ ಡ್ರೆಸಿಂಗ್ ಹೀಗೆ ಕುಗ್ಗಿದಾಗ ಗಾಯದ ಅಂಚುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಹಿಡಿತ ದುರ್ಬಲವಾಗಿದ್ದರೆ ಈ ಎಳೆತ ಸಾಧ್ಯವೇ ಇಲ್ಲ.

ಸಂಶೋಧನಾ ವಿದ್ಯಾರ್ಥಿನಿ

ನಾನು ಕ್ಯಾಟೆಕಾಲ್ ಸೇರಿಸಿದ ಜೆಲ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಮೇಲಿನ ಚರ್ಚೆಯಲ್ಲಿ ಬಾರದ ಎರಡು ಸಂಗತಿಗಳನ್ನು ಹೇಳಬೇಕೆನಿಸಿತು.

ಮೊದಲನೆಯದು ರಸಾಯನದ್ದು. ಕ್ಯಾಟೆಕಾಲ್ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿದರೆ ಕ್ವಿನೋನ್ ಆಗಿ ಬದಲಾಗುತ್ತದೆ. ಕ್ವಿನೋನ್ ಅಂಗಾಂಶದ ಅಮೈನ್ ಗುಂಪುಗಳ ಜೊತೆ ಗಟ್ಟಿಯಾಗಿ ಬೆಸೆಯುತ್ತದೆ ಎಂಬುದು ಲಾಭವಾದರೂ, ಅದು ಜೆಲ್‌ನೊಳಗಿನ ಸರಪಳಿಗಳನ್ನೂ ಪರಸ್ಪರ ಬೆಸೆದುಬಿಡುವುದರಿಂದ ಅಂಟಬೇಕಾದ ಗುಂಪುಗಳು ಅಂಟುವ ಮೊದಲೇ ಖರ್ಚಾಗುತ್ತವೆ. ಮಸೆಲ್ ತನ್ನ ಅಂಟನ್ನು ಆಮ್ಲೀಯ ಸ್ರಾವದೊಳಗಿಟ್ಟು, ಸುಮಾರು 8ರ ಪಿಎಚ್ ಇರುವ ಸಮುದ್ರದ ನೀರಿನಿಂದ ಕಾಪಾಡಿಕೊಂಡು ಬಂಡೆಗೆ ಹಚ್ಚುತ್ತದೆ. ನನ್ನ ಮೊದಲ ವರ್ಷದ ಬಹುಪಾಲು ಜೆಲ್‌ಗಳು ರಾತ್ರಿ ಇಟ್ಟು ಬೆಳಿಗ್ಗೆ ನೋಡುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿ, ಅಂಟುಗುಣ ಕಳೆದುಕೊಂಡಿರುತ್ತಿದ್ದವು. ದ್ರಾವಣದ ಆಮ್ಲೀಯತೆಯನ್ನು ಕಾಯ್ದುಕೊಳ್ಳಬೇಕೆಂಬುದು ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ, ಮತ್ತು ಪ್ರಶ್ನೆ ಕೇಳಿದವರು ಇಂಥ ಬರಹಗಳನ್ನು ಓದುವಾಗ ಗಮನಿಸಬೇಕಾದದ್ದು. ಈ ಜೆಲ್‌ಗಳ ಬಹುಪಾಲು ಪರೀಕ್ಷೆ ಇಲಿಗಳ ಮೇಲೆ ನಡೆಯುತ್ತದೆ. ಇಲಿಯ ಚರ್ಮದಡಿ ತೆಳುವಾದ ಸ್ನಾಯುಹಾಳೆಯೊಂದಿದೆ, ಗಾಯವಾದಾಗ ಅದು ಚೀಲದ ಬಾಯಿಯ ದಾರ ಬಿಗಿದಂತೆ ಅಂಚುಗಳನ್ನು ಎಳೆದು ಮುಚ್ಚಿಬಿಡುತ್ತದೆ. ಮನುಷ್ಯರ ಗಾಯ ಮುಚ್ಚುವುದು ಮುಖ್ಯವಾಗಿ ತಳದಲ್ಲಿ ಹೊಸ ಮಾಂಸ ತುಂಬಿ ಅದರ ಮೇಲೆ ಚರ್ಮ ಹರಡುವುದರಿಂದ. ಈ ವ್ಯತ್ಯಾಸವನ್ನು ಸರಿಪಡಿಸಲು ಗಾಯದ ಸುತ್ತ ಸಿಲಿಕೋನ್ ಬಳೆಯನ್ನು ಹೊಲಿದು ಅಂಚು ಕುಗ್ಗದಂತೆ ತಡೆಯುವ ವಿಧಾನವಿದೆ. ಬಳೆಯಿಲ್ಲದೆ ಮಾಡಿದ ಪ್ರಯೋಗದಲ್ಲಿ ಗಾಯ ಬೇಗ ಮುಚ್ಚಿತೆಂದರೆ ಅದರಲ್ಲಿ ಜೆಲ್‌ನ ಪಾಲೆಷ್ಟು, ಸ್ನಾಯುವಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಜೊತೆಗೆ ಆ ಇಲಿ ಎಳೆಯದು, ಅದರ ಗಾಯ ಅಂದೇ ಶುದ್ಧವಾದ ಉಪಕರಣದಿಂದ ಮಾಡಿದ್ದು. ಮೂರು ತಿಂಗಳಾದರೂ ಮಾಯದ ಹುಣ್ಣಿನಲ್ಲಿ ಉರಿಯೂತ ನಿಂತಿರುವುದಿಲ್ಲ. ಪ್ರೋಟೀನುಗಳನ್ನು ತುಂಡರಿಸುವ ಕಿಣ್ವಗಳು ಅಲ್ಲಿ ಮಿತಿಮೀರಿ ಇರುತ್ತವೆ, ಹಲವು ಬಾರಿ ಸೂಕ್ಷ್ಮಜೀವಿಗಳ ಲೋಳೆಪದರವೂ ಇರುತ್ತದೆ. ಜೆಲಟಿನ್ ಎಂಬ ಪ್ರೋಟೀನಿನಿಂದ ಮಾಡಿದ ಜೆಲ್ ಅಂಥ ಕಡೆ ನಿರೀಕ್ಷೆಗಿಂತ ಬೇಗ ಕರಗಿಹೋಗಬಹುದು.

ಪಾಲಿಮರ್ ಪ್ರಯೋಗಾಲಯ

ನಿಮ್ಮ ಎರಡನೆಯ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಪಾಲಿಆಕ್ರಿಲಮೈಡ್ ಇರುವ ಜೆಲ್‌ಗಳ ಬಗ್ಗೆ ನಾನು ಮೊದಲೇ ಹೇಳಬೇಕಿದ್ದ ಒಂದು ವಿಷಯವೂ ಉಳಿದಿದೆ. ಪಾಲಿಮರ್ ಆಗದೆ ಉಳಿದ ಆಕ್ರಿಲಮೈಡ್ ನರಗಳಿಗೆ ವಿಷ. ಅದನ್ನು ಪೂರ್ತಿ ತೊಳೆದು ತೆಗೆದದ್ದನ್ನು ಸಾಬೀತುಪಡಿಸದೆ ಅಂಥ ಜೆಲ್ ತೆರೆದ ಗಾಯದ ಬಳಿ ಹೋಗಬಾರದು. ಕ್ರಿಮಿಶುದ್ಧಿಯೂ ಸುಲಭವಲ್ಲ, ಗಾಮಾ ಕಿರಣ ಕೆಲವು ಸರಪಳಿಗಳನ್ನು ಕಡಿಯುತ್ತದೆ, ಆವಿಯ ಬಿಸಿ ಕೆಲವನ್ನು ಕೆಡಿಸುತ್ತದೆ.

ಅಮ್ಮನ ಆರೈಕೆ (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ಬರೆದದ್ದಕ್ಕೆ ನಿಮ್ಮೆಲ್ಲರಿಗೂ ಋಣಿ. ಸಿಸ್ಟರ್, ನೀವು ಕೇಳಿದ್ದಕ್ಕೆ ಉತ್ತರ: ಗಾಯ ಒಸರುತ್ತದೆ. ಬೆಳಿಗ್ಗೆ ಹಾಕಿದ ಡ್ರೆಸಿಂಗ್ ಸಂಜೆಯ ಹೊತ್ತಿಗೆ ಒದ್ದೆಯಾಗಿರುತ್ತದೆ, ಸಂಜೆಯಾದರೆ ಕಾಲೂ ಊದಿಕೊಳ್ಳುತ್ತದೆ. ಹೈಡ್ರೊಜೆಲ್ ಎಂದು ಬರೆದಿದ್ದ ಟ್ಯೂಬನ್ನು ನಾನೇ ತಂದು ಎರಡು ವಾರ ಹಚ್ಚಿದ್ದೆ. ಸುತ್ತಲಿನ ಚರ್ಮ ಬಿಳಿಚಿಕೊಂಡಿದ್ದು ಆಗಲೇ ಎಂಬುದು ನಿಮ್ಮ ಬರಹ ಓದಿದ ಮೇಲೆ ಹೊಳೆಯಿತು. ಇನ್ನು ಮುಂದೆ ಏನು ಮಾಡಲಿ?

ಗಾಯದ ಆರೈಕೆಯ ದಾದಿ

ಟ್ಯೂಬಿನ ಜೆಲ್ ಸದ್ಯಕ್ಕೆ ನಿಲ್ಲಿಸಿ. ಒಸರುವ ಗಾಯ, ಸಂಜೆಗೆ ಊದುವ ಕಾಲು, ಮೂರು ತಿಂಗಳು ಎಂದಾಗ ನನ್ನ ಗಮನ ಡ್ರೆಸಿಂಗ್‌ನಿಂದ ಕಾಲಿನ ರಕ್ತ ಸಂಚಾರದ ಕಡೆಗೆ ಹೋಗುತ್ತದೆ. ರಕ್ತ ಮೇಲಕ್ಕೆ ಮರಳದೆ ಕಾಲಿನಲ್ಲೇ ನಿಲ್ಲುತ್ತಿದ್ದರೆ ಯಾವ ಜೆಲ್ ಹಾಕಿದರೂ ಹುಣ್ಣು ಮಾಯುವುದಿಲ್ಲ. ಒತ್ತಡದ ಬ್ಯಾಂಡೇಜ್ ಬೇಕಾಗುತ್ತದೆ. ಆದರೆ ಅದನ್ನು ನೀವಾಗಿಯೇ ಕಟ್ಟಬೇಡಿ. ಕಾಲಿಗೆ ರಕ್ತ ತರುವ ನಾಳಗಳೇ ಕಿರಿದಾಗಿದ್ದರೆ ಬಿಗಿ ಬ್ಯಾಂಡೇಜ್ ಕಾಲನ್ನೇ ಕಳೆಯಬಹುದು. ಪಾದದ ಗಂಟಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುವ ಸರಳ ಪರೀಕ್ಷೆಯೊಂದಿದೆ. ಉತ್ತರ 0.8ಕ್ಕಿಂತ ಕಡಿಮೆ ಬಂದರೆ ಸಾಮಾನ್ಯ ಬಿಗಿತದ ಬ್ಯಾಂಡೇಜ್ ಕಟ್ಟುವ ಮೊದಲು ನಾಳಗಳ ತಜ್ಞರು ನೋಡಬೇಕು. ಮಧುಮೇಹವಿದ್ದರೆ ನಾಳಗಳು ಗಡುಸಾಗಿ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ಬರಬಹುದು, ಅದನ್ನೂ ವೈದ್ಯರಿಗೆ ನೆನಪಿಸಿ. ಕೀವು, ಹರಡುವ ಕೆಂಪು, ಜ್ವರ, ಹೊಸದಾಗಿ ಹೆಚ್ಚಿದ ನೋವು ಇವುಗಳಲ್ಲಿ ಒಂದು ಕಂಡರೂ ಅಂದೇ ಹೋಗಿ.

ಅಲ್ಲಿಯವರೆಗೆ ಸಿಲಿಕೋನ್ ಪದರದ ಫೋಮ್ ಹಾಕಿ, ಅದರ ಮೇಲೆ ಅಂಟುಪಟ್ಟಿಯ ಬದಲು ಹತ್ತಿಯ ಸಡಿಲ ಬ್ಯಾಂಡೇಜ್ ಸುತ್ತಿ. ಹಾಗೆ ಮಾಡಿದರೆ ಚರ್ಮಕ್ಕೆ ಅಂಟು ತಾಗುವ ಜಾಗವೇ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಪಾರದರ್ಶಕ ಹಾಳೆಯೊಂದನ್ನು ಗಾಯದ ಮೇಲೆ ತಾಗದಂತೆ ಹಿಡಿದು ಅಂಚನ್ನು ಪೆನ್ನಿನಿಂದ ಗುರುತಿಸಿ, ದಿನಾಂಕ ಬರೆದಿಡಿ.

ಅಮ್ಮನ ಆರೈಕೆ (ಪ್ರಶ್ನೆ ಕೇಳಿದವರು)

ಪರೀಕ್ಷೆಯಾಯಿತು, 0.95 ಬಂದಿದೆ. ತಾಯಿಗೆ ಮಧುಮೇಹವಿಲ್ಲ. ನಾಳೆಯಿಂದ ಒತ್ತಡದ ಬ್ಯಾಂಡೇಜ್ ಕಟ್ಟಲು ವೈದ್ಯರು ಒಪ್ಪಿದ್ದಾರೆ, ಮೊದಲ ಬಾರಿ ಅಲ್ಲಿಯ ಸಿಸ್ಟರ್ ಕಟ್ಟಿ ತೋರಿಸುತ್ತಾರೆ. ಇಂದು ಬೆಳಿಗ್ಗೆ ಸಿಲಿಕೋನ್ ಫೋಮನ್ನು ನೀವು ಹೇಳಿದಂತೆ ಮಡಚುತ್ತಾ ಬಿಡಿಸಿದೆ. ಚರ್ಮ ಬರಲಿಲ್ಲ. ಮೊದಲ ಹಾಳೆಯ ಮೇಲೆ ಎರಡು ಗಾಯಗಳ ಅಂಚನ್ನೂ ಗುರುತಿಸಿಟ್ಟಿದ್ದೇನೆ.